ಬಾಗಿಲಲ್ಲಿ ಆಡುವ ಮಾತು

ಅಂಗೈಯೊಳಗೆ ಲಿಂಗವನ್ನಿಟ್ಟು, ಅದನ್ನು ಕಣ್ಣು ಕದಲಿಸದೆ ನೋಡುವ ಕ್ರಮವನ್ನು ಕಲಿಸಿದ ಗುರುವಿಗೆ ಮೊದಲ ಶರಣು. ನಾಲಗೆಗೆ ಅಕ್ಷರವನ್ನು ಕೊಟ್ಟು, ಆಡಿದ ಅಕ್ಷರಕ್ಕೆ ಹೊಣೆಯಾಗಿರಬೇಕೆಂಬ ಅಂಜಿಕೆಯನ್ನೂ ಜೊತೆಗೇ ಕೊಟ್ಟ ಪಾಠಶಾಲೆಯ ಹಿರಿಯರಿಗೆ ಶರಣು. ನನ್ನನ್ನೂ, ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ನನ್ನ ತಂಗಿಯನ್ನೂ ಒಂದೇ ತೊಟ್ಟಿಲಲ್ಲಿ ತೂಗಿ, ಇಬ್ಬರ ತಾಟಿಗೂ ಒಂದೇ ಚಮಚದಿಂದ ತುಪ್ಪ ಬಡಿಸಿದ ತಾಯಿಗೆ ಶರಣು. ನಾನು ಹೇಳಹೊರಟಿರುವ ಸಂಗತಿ ಸಣ್ಣದು. ಒಂದು ಮನೆಯ ಬಾಗಿಲಲ್ಲಿ ಯಾವ ಮಾತನ್ನಾಡಿ ಹೊರಡಬೇಕು ಎಂಬಷ್ಟೇ ಅದರ ವ್ಯಾಪ್ತಿ. ಅದನ್ನು ಹೇಳುವವರೆಗೆ ನನ್ನನ್ನು ಉಳಿಸಿದ ಶಿವನ ಕರುಣೆಗೆ ತಲೆಬಾಗಿ ಮುಂದುವರಿಯುತ್ತೇನೆ.

ನನ್ನ ತಂಗಿ ಈಗ ಅರವತ್ತರ ಹತ್ತಿರದವಳು. ಅವಳ ತಿಳಿವಳಿಕೆ ಎಳವೆಯಲ್ಲಿಯೇ ಒಂದು ಹಂತಕ್ಕೆ ಬಂದು ನಿಂತಿತು. ಹಿಂದಿನ ವೈದ್ಯರು ಅದನ್ನು ಬುದ್ಧಿಮಾಂದ್ಯ ಎಂದರು. ಈಗಿನ ಕಾಗದಪತ್ರಗಳಲ್ಲಿ ಬೌದ್ಧಿಕ ವೈಕಲ್ಯ ಎಂದು ಬರೆಯುತ್ತಾರೆ. ನಮ್ಮ ತಾಯಿ ಮಾತ್ರ ಕೇಳಿದವರಿಗೆಲ್ಲ, "ಅಕಿ ಸಾವಕಾಶ ಅದಾಳ್ರಿ" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿ ನಿವೃತ್ತನಾದವನು. ಎಷ್ಟೋ ಮಕ್ಕಳಿಗೆ ಸಂಧಿ ಸಮಾಸಗಳನ್ನು ಬಿಡಿಸಿ ತೋರಿಸಿದ್ದೇನೆ. ನನ್ನ ತಂಗಿಗೆ ಅವಳ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಕಲಿಸಲು ಸಾಧ್ಯವಾಯಿತು. ಅದನ್ನು ಅವಳು ಬಹಳ ದೊಡ್ಡದಾಗಿ, ನೆಲದ ಮೇಲೆ ರಂಗೋಲಿಯಂತೆ ಬರೆಯುತ್ತಾಳೆ.

ಹುಬ್ಬಳ್ಳಿಯ ನವನಗರದ ನಮ್ಮ ಮನೆಯಲ್ಲಿ ಅವಳಿಗೆ ಅವಳದೇ ಆದ ಕೆಲಸಗಳಿದ್ದವು. ಬೆಳಿಗ್ಗೆ ಹಿತ್ತಲ ಬಿಲ್ವದ ಗಿಡದಿಂದ ನಾನು ಪೂಜೆಗೆ ಕಿತ್ತು ತಂದ ಪತ್ರಿಯನ್ನು ಅವಳು ತೊಳೆದು, ಮೂರು ದಳ ನೆಟ್ಟಗಿದ್ದುದನ್ನು ತಟ್ಟೆಗೂ ಹರಿದುದನ್ನು ಗಿಡದ ಬುಡಕ್ಕೂ ಹಾಕುವಳು. ಹೊತ್ತಾಯಿತೆಂದು ನಾನು ಹರಿದ ದಳವನ್ನೇ ತಟ್ಟೆಗಿಟ್ಟರೆ, "ಅಣ್ಣಾ, ಇದು ಹರದೈತಿ" ಎಂದು ಶಾಂತವಾಗಿ ತೆಗೆದಿಡುವಳು. ಸಂಜೆಗೆ, ಮನೆಯವರೆಲ್ಲ ಒಳಗೆ ಬಂದ ಮೇಲೆ, ಅಂಗಳದ ಗೇಟಿಗೆ ಚಿಲಕ ಹಾಕುವುದು ಅವಳ ಇನ್ನೊಂದು ಕೆಲಸ. ಒಬ್ಬರು ಹೊರಗಿದ್ದರೂ ಚಿಲಕ ಹಾಕಗೊಡುತ್ತಿರಲಿಲ್ಲ. "ಬರೋರದಾರ" ಎಂದು ಗೇಟಿಗೆ ಅಡ್ಡ ನಿಲ್ಲುವಳು.

ಮಾತು ಕಿವಿಗೆ ಹೇಗೆ ಬಿತ್ತೋ ಹಾಗೆಯೇ ಅದನ್ನು ತೆಗೆದುಕೊಳ್ಳುವುದು ಅವಳ ಸ್ವಭಾವ. ಒಮ್ಮೆ ಪಕ್ಕದ ಮನೆಯ ಹೆಣ್ಣುಮಗಳು ಬೇಸತ್ತು, "ನನ್ನ ತಲಿ ತಿನಬ್ಯಾಡವಾ ತಾಯಿ" ಎಂದಳು. ನನ್ನ ತಂಗಿ ಅವಳ ತಲೆಯನ್ನು ಚೆನ್ನಾಗಿ ನೋಡಿ, "ನಾ ತಲಿ ತಿನ್ನೂದಿಲ್ಲ. ರೊಟ್ಟಿ ತಿಂತೇನಿ" ಎಂದಳು. ಆ ಹೆಣ್ಣುಮಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕು, ಆ ದಿನ ಎರಡು ಬಿಸಿರೊಟ್ಟಿ ಕೊಟ್ಟು ಕಳಿಸಿದಳು.

ನಮ್ಮ ತಾಯಿ ಕೊನೆಗಾಲದಲ್ಲಿ ಸತ್ತೂರಿನ ಆಸ್ಪತ್ರೆಗೆ ಹೋಗಿ ಅಲ್ಲಿಯೇ ಲಿಂಗೈಕ್ಯಳಾದಳು. ಅಲ್ಲಿಂದಲೇ ಕಾಯವನ್ನು ನಮ್ಮ ಹಿರಿಯರ ಊರಿನ ಹೊಲಕ್ಕೆ ಒಯ್ದು ಕ್ರಿಯಾಸಮಾಧಿ ಮಾಡಿದೆವು. ತಂಗಿಗೆ ಜ್ವರವಿದ್ದುದರಿಂದ ಅವಳನ್ನು ಕರೆದೊಯ್ಯಲಿಲ್ಲ; ಅವ್ವ ಶಿವನ ಕಡೆ ಅದಾಳ ಎಂದಷ್ಟೇ ಹೇಳಿದೆವು. ಅಂದಿನಿಂದ ಅವಳು ಗೇಟಿಗೆ ಚಿಲಕ ಹಾಕುವುದನ್ನು ಬಿಟ್ಟಳು. ಸಂಜೆಯಾದರೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ರಸ್ತೆಯನ್ನು ನೋಡುವಳು. ನಾವು ಕರೆದರೆ ಬಂದು ಉಣ್ಣುವಳು. ಆದರೆ ಚಿಲಕದ ಮಾತೆತ್ತಿದರೆ ತಲೆಯಾಡಿಸುವಳು. ಅವಳು ಮಲಗಿದ ಮೇಲೆ ನನ್ನ ಹೆಂಡತಿ ಹೋಗಿ ಸದ್ದಾಗದಂತೆ ಹಾಕಿ ಬರುತ್ತಿದ್ದಳು. ಇದಕ್ಕೆ ನಾವು ದುಃಖವೆಂದು ಹೆಸರಿಟ್ಟೆವು. ವರ್ಷಗಳು ಕಳೆದವು, ಕಟ್ಟೆಯ ಮೇಲೆ ಕೂರುವುದು ಮನೆಯ ರೂಢಿಗಳಲ್ಲಿ ಒಂದಾಯಿತು.

ಎಪ್ಪತ್ತು ದಾಟಿದ ಮೇಲೆ ನನ್ನ ಹೃದಯ ತೊಂದರೆ ಕೊಡತೊಡಗಿತು. ಅದೇ ಸತ್ತೂರಿನಲ್ಲಿ ನನ್ನನ್ನು ನೋಡಿದ ವೈದ್ಯರು ಔಷಧಿಯ ಚೀಟಿ ಬರೆದು ಮುಗಿಸಿ, ಬಾಗಿಲಾಚೆ ಬೆಂಚಿನ ಮೇಲೆ ನನ್ನ ಹೆಂಡತಿಯೊಡನೆ ಕೂತಿದ್ದ ತಂಗಿಯ ಕಡೆಗೆ ಕಣ್ಣು ಹಾಯಿಸಿದರು.

"ಮಾಸ್ತರ್ರ, ನಿಮ್ಮ ಎದಿ ನಾ ನೋಡ್ಕೋತೇನ್ರಿ. ಅವರನ್ನ ಮುಂದ ಯಾರು ನೋಡ್ಕೋತಾರ?"

"ಮಗಳದಾಳ್ರಿ" ಎಂದೆ.

"ಮಗಳ್ನ ಕೇಳೀರೇನು?"

ಕೇಳಿರಲಿಲ್ಲ. ಆ ವಾರವೇ ಕೇಳಿದೆ. ನನ್ನ ಒಬ್ಬಳೇ ಮಗಳ ಮನೆ ಹುಬ್ಬಳ್ಳಿಯಲ್ಲಿಯೇ ಇದೆ. ಅಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಮಗಳು ಒಲ್ಲೆ ಎನ್ನಲಿಲ್ಲ. "ಕರ್ಕೊಂಡು ಬರ್ರಿ ಅಪ್ಪಾರ, ಹೆಂಗರ ಆಗ್ತದ" ಎಂದಳು. ಹೇಗಾದರೂ ಎನ್ನುವ ಆ "ಹೆಂಗರ" ಮಾತಿನ ಭಾರ ನನಗೆ ತಿಳಿಯಿತು. ತಂಗಿಯ ಮುಂದಿನ ಬದುಕನ್ನು ಆ ಮಾತಿನ ಮೇಲೆ ಇಡುವುದು ಇಬ್ಬರಿಗೂ ನ್ಯಾಯವಲ್ಲವೆಂದು ನನಗೂ ನನ್ನ ಹೆಂಡತಿಗೂ ಕಂಡಿತು.

ತಂಗಿ ಹಗಲಿನಲ್ಲಿ ಹೋಗಿಬರುತ್ತಿದ್ದ ಒಂದು ಕೇಂದ್ರವಿತ್ತು. ಅವಳಂಥವರು ಅಲ್ಲಿ ಕಾಗದದ ಚೀಲ ಮಾಡುವುದು, ಬತ್ತಿ ಹೊಸೆಯುವುದು ಮುಂತಾದ ಕೆಲಸಗಳಲ್ಲಿ ಹೊತ್ತು ಕಳೆಯುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಕೆಲವು ಕುಟುಂಬಗಳಿಗೂ ಇದೇ ಚಿಂತೆ ಎಂದು ತಿಳಿದು, ನಾವು ಭಾನುವಾರಗಳಂದು ಅದೇ ಪಡಸಾಲೆಯಲ್ಲಿ ಸೇರತೊಡಗಿದೆವು. ಕೇಂದ್ರವನ್ನು ನಡೆಸುತ್ತಿದ್ದವರು ಸಮಾಜಕಾರ್ಯವನ್ನು ಓದಿಕೊಂಡ, ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು. ಮೊದಲ ಸಭೆಯಲ್ಲಿ ಅವರು ಎಲ್ಲರಿಗೂ ಚಹಾ ಕೊಡಿಸಿ, ಕುರ್ಚಿ ಎಳೆದುಕೊಂಡು ಕೂತು ಕೇಳಿದರು:

"ನಾನು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವೆಲ್ಲ ಹೋದಮೇಲೆ ಇವರನ್ನ ಯಾರು ನೋಡ್ಕೋತಾರೆ?"

ಒಬ್ಬ ಮುದುಕಿ ಚಹಾದ ಬಸಿಯನ್ನು ಕೆಳಗಿಟ್ಟು, "ಅಯ್ಯ, ಬಿಡ್ತು ಅನ್ರಿ ಬಾಯಾರ!" ಎಂದಳು. ಅಶುಭ ನುಡಿದವರು ತಾವೇ "ಬಿಡ್ತು" ಎಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ ಅದು ಅಲ್ಲಿಯೇ ನಿಲ್ಲುತ್ತದೆ ಎಂಬ ಭಾವನೆ ನಮ್ಮೆಲ್ಲರದು.

ಆ ಹೆಣ್ಣುಮಗಳು ಅತ್ಯಂತ ವಿಧೇಯತೆಯಿಂದ, "ಬಿಡ್ತು" ಎಂದರು. "ಈಗ ಹೇಳಿ. ಯಾರು ನೋಡ್ಕೋತಾರೆ?"

ಮುದುಕಿ ಬಸಿಯನ್ನು ಮತ್ತೆ ಕೈಗೆತ್ತಿಕೊಂಡಳು. ಅಂದಿನಿಂದ ನಮ್ಮ ಸಭೆಗಳಲ್ಲಿ ನಾವು ಇಲ್ಲದ ಕಾಲಕ್ಕೆ "ಮುಂದ" ಎಂಬ ಒಂದೇ ಶಬ್ದ ನಿಂತಿತು. ಮುಂದ ಔಷಧಿ ಯಾರು ಕೊಡಬೇಕು, ಮುಂದ ಆಸ್ಪತ್ರೆಗೆ ಯಾರು ಒಯ್ಯಬೇಕು, ಮುಂದ ಕಾನೂನಿನ ಪಾಲಕರಾಗಿ ಯಾರ ಹೆಸರಿರಬೇಕು. ಹಳೇ ಹುಬ್ಬಳ್ಳಿಯಲ್ಲಿ ಗಾಡಿ ರಿಪೇರಿಯ ಅಂಗಡಿಯಿಟ್ಟ ಮುಸಲ್ಮಾನರೊಬ್ಬರು ನಮ್ಮ ಗುಂಪಿನಲ್ಲಿದ್ದರು. ಅವರ ಮಗ ಮೂವತ್ತರ ಸುಮಾರಿನ, ಮಾತು ಬಾರದ, ಸದಾ ನಗುವ ದೊಡ್ಡ ಆಳು. ಅವರು ಒಂದು ಭಾನುವಾರ ತಾಳ್ಮೆಗೆಟ್ಟು ಕೇಳಿದರು:

"ಮಾಸ್ತರ್ರ, ಮುಂದ ಮುಂದ ಅಂತೀರಲ್ರಿ, ಯಾವ ಮುಂದ ಅದು? ದೀಪಾವಳಿ ಮುಂದೋ, ನಾ ಮಣ್ಣಾಗ ಹೋದ ಮುಂದೋ? ಒಂದ ತಿಳೀವಲ್ದು ನನಗ."

"ಬಿಡ್ತು ಅನ್ರಿ!" ಎಂದು ಪಡಸಾಲೆಗೆ ಪಡಸಾಲೆಯೇ ಕೂಗಿತು.

"ಬಿಡ್ತು, ಬಿಡ್ತು. ಆದ್ರ ಕೆಲಸಾ ಬಿಡಬ್ಯಾಡ್ರಿ" ಎಂದರು ಅವರು.

ಕೆಲಸವನ್ನು ನಾವು ಬಿಡಲಿಲ್ಲ. ಉಣಕಲ್ಲಿನಲ್ಲಿ, ಕೆರೆಯ ಕಡೆಯ ಒಂದು ಓಣಿಯಲ್ಲಿ, ಅಂಗಳ ಮತ್ತು ಗೇಟು ಇರುವ ಮನೆಯೊಂದು ಬಾಡಿಗೆಗೆ ಸಿಕ್ಕಿತು. ದೊಡ್ಡ ಆಶ್ರಮ ಬೇಡ, ಕೆಲವರೇ ಒಂದು ಸಂಸಾರದಂತೆ ಇರುವ ಮನೆ ಸಾಕು ಎಂಬುದು ಎಲ್ಲರ ಮನಸ್ಸು. ಹಿಂದೆ ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆ ನೋಡಿಕೊಂಡಿದ್ದ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಉಳಿದು ನೋಡಿಕೊಳ್ಳಲು ಒಪ್ಪಿದಳು. ಎಲ್ಲರೂ ಅವಳನ್ನು ಅಕ್ಕ ಎಂದು ಕರೆದರು. ಅಡುಗೆಮನೆಯ ವಿಷಯದಲ್ಲಿ ತೊಡಕು ಬರಬಹುದೆಂದು ನಾನು ಅಂಜಿದ್ದೆ. ನಮ್ಮಲ್ಲಿ ಹೆಚ್ಚಿನವರು ಲಿಂಗವಂತರು. ಮೊಟ್ಟೆಯನ್ನೂ ಒಳಗೆ ತರದವರು. ಮಾತು ಹೇಗೆ ತೆಗೆಯಬೇಕೆಂದು ನಾನು ಶಬ್ದ ಹುಡುಕುತ್ತಿರುವಾಗ ಗಾಡಿ ರಿಪೇರಿಯವರೇ ತೆಗೆದರು.

"ಒಲಿ ಒಂದ ಇರಲ್ರಿ. ನನ್ನ ಮಗಗ ಝುಣಕಾ ರೊಟ್ಟಿ ಕಂಡ್ರ ಅಪ್ಪನ ನೆನಪೂ ಇರೂದಿಲ್ಲ. ಹಬ್ಬಕ್ಕ ನಾ ಮನಿಗೆ ಒಯ್ತೇನಿ, ಬಿರಿಯಾನಿ ನಮ್ಮ ಮನ್ಯಾಗ. ನೀವೂ ಬರ್ತೀರೇನ್ರಿ ಮಾಸ್ತರ್ರ?"

"ನಿಮ್ಮ ಮನಿ ಶೀರ್‌ಖುರ್ಮಾಕ್ಕ ಬರ್ತೇನ್ರಿ" ಎಂದೆ. ಹಾಲು ಶ್ಯಾವಿಗೆಯ ಸಿಹಿಯನ್ನಷ್ಟೇ ಒಪ್ಪಿದ್ದಕ್ಕೆ ಅವರು ತೊಡೆ ತಟ್ಟಿ ನಕ್ಕರು.

ನಮ್ಮ ಯೋಜನೆಯಲ್ಲಿ ಎರಡು ನಿಯಮಗಳಿದ್ದವು. ಎರಡೂ ಆ ಮೈಸೂರು ಕಡೆಯ ಹೆಣ್ಣುಮಗಳು ಸೂಚಿಸಿದವು. ಮೊದಲನೆಯದು ಜೋಡಿಮನೆ. ಪ್ರತಿಯೊಂದು ಕುಟುಂಬಕ್ಕೂ ಇನ್ನೊಂದು ಕುಟುಂಬ ಜೋಡಿ. ಒಂದು ಮನೆಯವರು ಇಲ್ಲವಾದಾಗ ಜೋಡಿಯ ಮನೆಯವರು ಬಂದು ನೋಡಬೇಕು, ಹಬ್ಬಕ್ಕೆ ಬಟ್ಟೆ ತರಬೇಕು, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂರಬೇಕು. ನಮ್ಮ ಮನೆಗೆ ಗಾಡಿ ರಿಪೇರಿಯವರ ಮನೆ ಜೋಡಿಯಾಯಿತು. ಎರಡನೆಯದು, ನಾವು ಗಟ್ಟಿಯಿರುವಾಗಲೇ ಇವರು ಅಲ್ಲಿ ಇದ್ದು ರೂಢಿಯಾಗಬೇಕು. ಮೊದಲು ಒಂದು ಹಗಲು, ಆಮೇಲೆ ಒಂದು ರಾತ್ರಿ, ಆಮೇಲೆ ವಾರ. ಯಾರಿಗೆ ಆ ಮನೆ ಒಗ್ಗುವುದಿಲ್ಲವೋ ಅವರಿಗೆ ಬೇರೆ ದಾರಿ ಹುಡುಕಬೇಕು. ಅವರ ಕೋಣೆಯನ್ನು ಕಾದಿರುವ ಇನ್ನೊಂದು ಕುಟುಂಬಕ್ಕೆ ಕೊಡಬೇಕು.

ತಂಗಿ ಆ ಮನೆಯನ್ನು ಮೊದಲ ನೋಟಕ್ಕೇ ಮೆಚ್ಚಿದಳು. ಅಂಗಳದಲ್ಲಿ ತನ್ನ ಅಕ್ಷರ ಬರೆದಳು. ಅಕ್ಕನ ಮಸಾಲೆ ಡಬ್ಬಿಯನ್ನು ತೆರೆದು ಒಂದೊಂದನ್ನೇ ಮೂಸಿದಳು. ಗಾಡಿ ರಿಪೇರಿಯವರ ಮಗ ಅವಳನ್ನು ನೋಡಿ ನಕ್ಕ, ಅವಳೂ ನಕ್ಕಳು. ನನಗೂ ನನ್ನ ಹೆಂಡತಿಗೂ ಮನಸ್ಸು ಹಗುರವಾಯಿತು. ಅವಳನ್ನು ಬಿಟ್ಟು ಹೊರಡುವಾಗ ಗೇಟಿನ ಬಳಿ ನಿಂತು, ಎಲ್ಲರೂ ಹೇಳುವಂತೆ ನಾನೂ ಹೇಳಿದೆ:

"ಬರ್ತೇನವಾ."

"ಹೂಂ, ಬಾ" ಎಂದಳು.

ಸಂಜೆಯ ಪೂಜೆಗೆ ಕೂರುವ ಹೊತ್ತಿಗೆ ಅಕ್ಕನ ಫೋನು ಬಂದಿತು. "ಮಾಸ್ತರ್ರ, ನಿಮ್ಮ ತಂಗಿ ಗೇಟ್ ಬಿಟ್ಟು ಏಳವಲ್ರು ನೋಡ್ರಿ. ಮಧ್ಯಾಹ್ನ ಉಣ್ಣಂದ್ರ ಒಲ್ಲೆ ಅಂದ್ರು. ಚಹಾ ಒಲ್ಲೆ ಅಂದ್ರು. ಹಗಲೆಲ್ಲಾ ಬಿಸಲಾಗ ಕುಂತಾರ, ಈಗೂ ಒಳಗ ಬಾ ಅಂದ್ರ ಬರವಲ್ರು."

ನಾವು ಆಟೋ ಮಾಡಿಕೊಂಡು ಹೋದೆವು. ನನ್ನನ್ನು ಕಂಡೊಡನೆ ತಂಗಿ ಎದ್ದು ನಿಂತು, "ಬಂದಿ" ಎಂದಳು. ನೇರ ಒಳಗೆ ಹೋಗಿ, ಕೈತೊಳೆದು, ಆರಿಹೋದ ರೊಟ್ಟಿಯನ್ನೇ ಪಲ್ಯದೊಡನೆ ಹೊಟ್ಟೆ ತುಂಬ ಉಂಡಳು. ಅಳು ಇರಲಿಲ್ಲ, ಸಿಟ್ಟಿರಲಿಲ್ಲ. ಅದೇ ಆಟೋದಲ್ಲಿ ಮನೆಗೆ ಕರೆತಂದೆವು.

ಎರಡನೆಯ ಸಲವೂ ಹಾಗೆಯೇ ಆಯಿತು. ಅಂದು ಬಿಸಿಲು ಹೆಚ್ಚಾಗಿದ್ದು ಅವಳಿಗೆ ಕಣ್ಣು ಕತ್ತಲೆ ಬಂದಿತು. ಅಕ್ಕ ತಲೆಗೆ ನೀರು ಹಾಕಿ ನೆರಳಿಗೆ ಎಳೆದು ಕೂರಿಸಿದ್ದಳು; ಕೂರಿಸಿದ ಜಾಗದಿಂದಲೇ ತಂಗಿ ಗೇಟನ್ನು ನೋಡುತ್ತಿದ್ದಳು.

ಮುಂದಿನ ಭಾನುವಾರ ಕೇಂದ್ರದ ಹೆಣ್ಣುಮಗಳು ನನ್ನನ್ನು ಬೇರೆಯಾಗಿ ಕೂರಿಸಿಕೊಂಡು, ಬಹಳ ಮೆತ್ತಗೆ ಹೇಳಿದರು. "ಸರ್, ಮನೆಯ ನೆನಪು ತುಂಬ ಕಾಡ್ತಿರಬೇಕು. ಒತ್ತಾಯ ಮಾಡಿದ್ರೆ ಅವರ ಆರೋಗ್ಯಕ್ಕೇ ಕಷ್ಟ. ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಆದ್ರೆ ಆ ಕೋಣೆನ ಕಾಯ್ತಿರೋರಿಗೆ ಕೊಡಬೇಕಾಗುತ್ತೆ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಏನೂ ಇರಲಿಲ್ಲ. ಮನೆಗೆ ಬರುವಾಗ ನನ್ನ ಹೆಂಡತಿ ಬಸ್ಸಿನಲ್ಲಿ, "ನಾವಿದ್ದಷ್ಟು ದಿನಾ ನಮ್ಮ ಕೂಡ ಇರ್ಲಿ ಬಿಡ್ರಿ" ಎಂದಳು. ನಾವು ಇರುವಷ್ಟು ದಿನದ ಚಿಂತೆ ಯಾರಿಗೂ ಇರಲಿಲ್ಲ. ಅದು ಅವಳಿಗೂ ತಿಳಿದಿತ್ತು.

ಮರುದಿನ ಬೆಳಿಗ್ಗೆ ತಂಗಿ ಎಂದಿನಂತೆ ಪತ್ರಿ ಆರಿಸುತ್ತ ಕೂತಿದ್ದಳು. ನಾನು ವಿಭೂತಿ ಧರಿಸಿ, ಪೂಜೆಗೆ ಇನ್ನೂ ಹೊತ್ತಿದ್ದುದರಿಂದ ಅವಳ ಎದುರಿಗೆ ಕೂತೆ.

"ಆ ಮನಿ ಛಲೋ ಇಲ್ಲೇನವಾ?" ಎಂದು ಕೇಳಿದೆ.

"ಛಲೋ ಐತಿ."

"ಅಕ್ಕ ಬೈತಾಳೇನು?"

"ಇಲ್ಲ. ಅಕ್ಕ ಗುರೆಳ್ಳ ಚಟ್ನಿ ಮಾಡ್ತಾಳ."

"ಮತ್ತ ಉಣ್ಣಲಿಲ್ಲ ಯಾಕ? ಗೇಟಿನಾಗ ಯಾಕ ಕುಂತಿದ್ದಿ?"

ಅವಳು ನನ್ನನ್ನು, ಇಷ್ಟು ತಿಳಿಯದೇ ಎಂಬಂತೆ ನೋಡಿದಳು. "ನೀ ಬರ್ತೇನಿ ಅಂದಿದ್ದಿ."

"ನಾ ಮನಿಗೆ ಬಂದಿದ್ನಲ್ಲ."

"ಮನಿಗೆ ಹೋಗ್ತೇನಿ ಅನ್ನಲಿಲ್ಲ. ಬರ್ತೇನಿ ಅಂದಿ. ಬರೋರದಾರಂದ್ರ ಕಾಯಬೇಕು." ಒಂದು ಹರಿದ ದಳವನ್ನು ಬದಿಗಿಟ್ಟಳು. ಆಮೇಲೆ, ಅದೇ ದನಿಯಲ್ಲಿ, "ಅವ್ವನೂ ಬರ್ತೇನಿ ಅಂದಿದ್ಲು" ಎಂದಳು.

ನಮ್ಮ ಸೀಮೆಯಲ್ಲಿ ಹೊರಡುವವರು ಹೋಗ್ತೇನಿ ಎನ್ನುವುದಿಲ್ಲ. ಸಂತೆಗೆ ಹೊರಟರೂ, ಪರಸ್ಥಳಕ್ಕೆ ಹೊರಟರೂ ಬರ್ತೇನಿ ಎಂದೇ ಹೇಳಬೇಕು. ಬಾಗಿಲಲ್ಲಿ ನಿಂತು ಹೋಗ್ತೇನಿ ಎನ್ನುವುದು ಮರಳದವರ ಮಾತು. ಇದನ್ನು ನಮಗೆ ಯಾರೂ ಕುಳ್ಳಿರಿಸಿ ಕಲಿಸಲಿಲ್ಲ, ಎದೆಹಾಲಿನೊಡನೆ ಬಂದದ್ದು. ನಮ್ಮ ತಾಯಿ ಆಸ್ಪತ್ರೆಗೆ ಹೊರಟು ಕಾರಿನೊಳಗೆ ಕೂತು, ಗೇಟಿನಲ್ಲಿ ನಿಂತಿದ್ದ ಮಗಳ ಗಲ್ಲ ಸವರಿ, ಹಾಗೆಯೇ ಅಂದಿದ್ದಳು. ನಾನು ಪಕ್ಕದಲ್ಲಿಯೇ ಇದ್ದೆ, ಕೇಳಿದ್ದೆ. ಅದು ಕೇಳಿ ನೆನಪಿಡುವ ಮಾತಾಗಿ ನನಗೆ ತೋರಿರಲಿಲ್ಲ. ಕಟ್ಟೆಯ ಮೇಲೆ ಸಂಜೆಗಳಲ್ಲಿ ಕೂತ ತಂಗಿ ಅಳುತ್ತಿರಲಿಲ್ಲ ಎಂಬುದು ಈಗ ಹೊಳೆಯಿತು. ಬರುವವರೊಬ್ಬರು ಇನ್ನೂ ಹೊರಗಿದ್ದರು. ಅವರಿಗಾಗಿ ಚಿಲಕ ತೆರೆದಿತ್ತು.

ಕೈಯಲ್ಲಿದ್ದ ಪತ್ರಿಯನ್ನು ತಟ್ಟೆಯಲ್ಲಿಟ್ಟು ನಾನು ಹೇಳಿದೆ: "ಅವ್ವ ಹೋದಳವಾ. ಬರೂದಿಲ್ಲ."

"ಬರ್ತೇನಿ ಅಂದಿದ್ಲಲ್ಲ?"

"ಅಂದಿದ್ಲು. ಆದ್ರ ಹೋದಳು."

"ಸುಳ್ಳ ಹೇಳಿದ್ಲೇನು?"

"ಇಲ್ಲವಾ. ಹೊರಡು ಮುಂದ ನಮ್ಮ ಕಡೆ ಎಲ್ಲಾರೂ ಹಂಗ ಅಂತಾರ."

"ಯಾಕ?"

ಈ ಪ್ರಶ್ನೆಗೆ ನನ್ನ ಓದಿನಲ್ಲಿ ಉತ್ತರಗಳಿವೆ. ಮಂಗಳದ ನುಡಿ, ಅಮಂಗಳದ ನುಡಿ, ಒಂದನ್ನು ಹೇಳಿ ಇನ್ನೊಂದನ್ನು ಸೂಚಿಸುವ ಬಗೆ, ಇವನ್ನೆಲ್ಲ ತರಗತಿಯಲ್ಲಿ ಕಲಿಸಿದ್ದೇನೆ. ಅವುಗಳಲ್ಲಿ ಯಾವುದನ್ನೂ ಅವಳ ಮುಂದಿಡಲು ಬರುತ್ತಿರಲಿಲ್ಲ. ಇನ್ನೊಂದು ಪತ್ರಿಯನ್ನು ಅವಳ ಕಡೆಗೆ ಚಾಚಿದೆ. ಅವಳು ಅದನ್ನು ಕೈಯಲ್ಲಿ ತಿರುಗಿಸುತ್ತಿದ್ದು, "ಹೋಗ್ತೇನಿ ಅನಬೇಕಿತ್ತು" ಎಂದಳು. ಆಮೇಲೆ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು. ಪೂಜೆಗೆ ಹೊತ್ತಾಗಿತ್ತು.

ನನ್ನ ಹೆಂಡತಿಗೂ ಮಗಳಿಗೂ ಇದನ್ನು ತಿಳಿಸಿದೆ. ಮಗಳು ಫೋನಿನಲ್ಲಿ, "ಐತವಾರ ಬರ್ತೇನಿ ಅಂತ ಹೇಳ್ರಿ ಅಪ್ಪಾರ, ಅಷ್ಟ ಸಾಕು" ಎಂದಳು. ಅದು ಒಳ್ಳೆಯ ಉಪಾಯವೇ. ಆದರೆ ಯಾವುದೋ ಒಂದು ಭಾನುವಾರ ನಾನು ಬರದೆ ಉಳಿಯುವವನು. ಆ ಐತವಾರಕ್ಕಾಗಿಯೇ ಈ ಮನೆಯನ್ನು ನಾವು ಕಟ್ಟುತ್ತಿದ್ದುದು. ಅಂದು ಅವಳು ಮತ್ತೆ ಗೇಟಿನಲ್ಲಿ ಕೂತರೆ, ಅವಳನ್ನು ಎಬ್ಬಿಸಲು ಯಾರು ಬಂದು ನಿಂತಾರು? ಹೇಳುವುದಾದರೆ ಹೋಗ್ತೇನಿ ಎಂದೇ ಹೇಳಬೇಕು. ಮೇಲೆ ಒಂದು ದಿನವನ್ನೂ ಸೇರಿಸಬಾರದು.

ನನ್ನ ಹೆಂಡತಿ ಇದನ್ನು ಒಪ್ಪಲಿಲ್ಲ. "ಎದಿ ಬ್ಯಾನಿ ಮನಷಾ ನೀವು. ಬಾಗಲದಾಗ ನಿಂತು ಅಂಥಾ ಮಾತು ಆಡ್ತೀರೇನು? ನನ್ನ ಕುಂಕುಮದ ಮ್ಯಾಲ ಕರುಣಾ ಇಲ್ಲೇನು ನಿಮಗ?" ಎಂದು ಕಣ್ಣೀರು ತಂದುಕೊಂಡಳು. ನನಗೂ ಅಂಜಿಕೆ ಇರಲಿಲ್ಲವೆಂದಲ್ಲ. ಆಡಿದ ಮಾತಿಗೆ ಬಲವಿದೆ ಎಂದು ನಂಬಿ ಬದುಕಿದವನು ನಾನು. ಆ ವಾರವೆಲ್ಲ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಮನಸ್ಸು ಅದೇ ಶಬ್ದದ ಸುತ್ತ ತಿರುಗುತ್ತಿತ್ತು. ದರ್ಶನವೇನೂ ಆಗಲಿಲ್ಲ. ಮಾತಿಗೆ ಬಲವಿದೆ ಎಂದು ನನ್ನಷ್ಟೇ ನಂಬಿದವಳು ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಅವಳು ಆ ನಂಬಿಕೆಗಾಗಿ ಬಿಸಿಲಲ್ಲಿ ಕೂತಿದ್ದಳು ಎಂಬುದು ಮಾತ್ರ ಮತ್ತೆಮತ್ತೆ ಕಣ್ಣಿಗೆ ಬರುತ್ತಿತ್ತು.

ಭಾನುವಾರದ ಸಭೆಯಲ್ಲಿ ವಿಷಯವನ್ನು ಇಟ್ಟೆ. ಎಲ್ಲರೂ ತಮ್ಮ ತಮ್ಮ ಮನೆಯ ಬಾಗಿಲನ್ನು ನೆನೆದುಕೊಂಡರು. ಕೇಂದ್ರದ ಹೆಣ್ಣುಮಗಳು ಹಣೆ ಹಿಡಿದುಕೊಂಡು, "ನಾನೂ ಅವರಿಗೆ ದಿನಾ ಸಂಜೆ ಬರ್ತೀನಿ ಅಂತಾನೇ ಹೇಳಿ ಹೊರಡ್ತೀನಿ. ನಮ್ಮ ಕಡೇನೂ ಹಾಗೇ ಅಲ್ವಾ" ಎಂದರು. ಗಾಡಿ ರಿಪೇರಿಯವರು ಗಡ್ಡ ನೀವಿಕೊಂಡರು.

"ನಾವು ಖುದಾ ಹಾಫೀಜ್ ಅಂತೇವ್ರಿ ಮಾಸ್ತರ್ರ. ಅದರಾಗ ಹೋಗೂದೂ ಇಲ್ಲ, ಬರೂದೂ ಇಲ್ಲ. ತಂಟೇನ ಇಲ್ಲ. ಬೇಕಾದ್ರ ನೀವೂ ಅನ್ರಿ, ನಾವೇನು ಬ್ಯಾಡನ್ನೂದಿಲ್ಲ."

ಸಭೆ ನಕ್ಕಿತು. ನನ್ನ ಹೆಂಡತಿಯೂ ಸೆರಗಿನಂಚಿನಲ್ಲಿ ನಕ್ಕಳು. ಆಗ ಅವರು ನಗುವನ್ನು ಬದಿಗಿಟ್ಟು, ನನ್ನ ಹೆಂಡತಿಯ ಕಡೆಗೆ ತಿರುಗಿ, "ಅಕ್ಕಾರ, ಮಾಸ್ತರ್ರು ಅನ್ನಲಿ. ನಾನೂ ಅವರ ಬಾಜೂಕ ನಿಂತು ನನ್ನ ಮಗಗ ಅದನ್ನ ಅಂತೇನಿ. ಆಗೂದಿದ್ರ ಇಬ್ಬರಿಗೂ ಆಗಲಿ" ಎಂದರು. ಈ ಸಲ ಯಾರಿಗೂ ಬಿಡ್ತು ಅನ್ನಿಸುವ ನೆನಪಾಗಲಿಲ್ಲ.

ಮೂರನೆಯ ಸಲ ನಾವು ಉಣಕಲ್ಲಿಗೆ ಹೋದುದು ಒಂದು ಮುಂಜಾನೆ. ತಂಗಿಯ ಚೀಲವನ್ನು ಅಕ್ಕ ಒಳಗೆ ತೆಗೆದುಕೊಂಡು ಹೋದಳು. ಗಾಡಿ ರಿಪೇರಿಯವರು ತಮ್ಮ ಮಗನೊಡನೆ ಆಗಲೇ ಬಂದಿದ್ದರು. ನಾನು ಗೇಟಿನ ಹೊರಗೆ ನಿಂತೆ. ತಂಗಿ ಒಳಗೆ ನಿಂತಳು. ನನ್ನ ಹೆಂಡತಿ ಮುಖ ತಿರುಗಿಸಿಕೊಂಡು ಓಣಿಯ ತುದಿಯನ್ನು ನೋಡುತ್ತಿದ್ದಳು. ಜೀವಮಾನದಲ್ಲಿ ಆಡದ ಮಾತನ್ನು ಆಡಲು ನಾಲಗೆಗೆ ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು.

"ತಂಗೀ, ನಾ ಹೋಗ್ತೇನವಾ."

"ಬಿಡ್ತು ಅನ್ರಿ" ಎಂದು ನನ್ನ ಹೆಂಡತಿಯ ಬಾಯಿಂದ ಉಸಿರಿನಂತೆ ಬಂದಿತು. ನಾನು ಅನ್ನಲಿಲ್ಲ.

ತಂಗಿ ನನ್ನನ್ನು ನೋಡಿದಳು. "ಮನಿಗೆ ಹೋಗ್ತೀ?"

"ಹೋಗ್ತೇನಿ."

"ವೈನೀನೂ?"

ನನ್ನ ಹೆಂಡತಿ ತಿರುಗಿದಳು. ಹಣೆಯ ಕುಂಕುಮವನ್ನು ಬೆರಳಿನಿಂದ ಮುಟ್ಟಿಕೊಂಡಳು. ಆದರೂ, "ನಾನೂ ಹೋಗ್ತೇನವಾ" ಎಂದಳು.

"ಹುಷಾರ್ ಹೋಗ್ರಿ" ಎಂದು ತಂಗಿ ಗೇಟನ್ನು ಎಳೆದುಕೊಂಡಳು. ನಾವು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಹಿಂದೆ ಚಿಲಕ ಬಿದ್ದ ಸದ್ದು ಕೇಳಿಸಿತು. ತಾಯಿ ಹೊರಟ ದಿನದಿಂದ ಆ ಕೈ ಆ ಕೆಲಸವನ್ನು ಮಾಡಿರಲಿಲ್ಲ. ನನ್ನ ಹೆಂಡತಿ ನನ್ನ ತೋಳನ್ನು ಹಿಡಿದುಕೊಂಡಳು. ಹಿಂದಿನಿಂದ ಗಾಡಿ ರಿಪೇರಿಯವರ ದನಿ ಬಂದಿತು: "ಅವ್ವಾ, ನಾ ಇನ್ನೂ ಒಳಗ ಅದೇನಿ! ನನಗೂ ಹೋಗೂದೈತಿ, ತಗೀವಾ ತಾಯಿ!"

ಮಧ್ಯಾಹ್ನ ನನ್ನ ಹೆಂಡತಿ ತಾಳಲಾರದೆ ಫೋನು ಮಾಡಿದಳು. ಅಕ್ಕ ಹೇಳಿದಳು: "ಉಂಡ್ರು ಬಾಯಾರ. ಚಟ್ನಿ ಮತ್ತಿಷ್ಟು ಹಾಕಿಸಿಕೊಂಡ್ರು. ಒಂದ ತಂಟೆ ನೋಡ್ರಿ, ಗೇಟ್ ತಗೀಗೊಡವಲ್ರು. ಹಾಲಿನವ ಹೊರಗ ನಿಂತಾನ. ನೀ ಬರ್ತೇನಿ ಅಂದಿದ್ದ್ಯಾ ಅಂತ ಅವನ್ನ ಕೇಳಾಕತ್ತಾರ."

ಈಗ ತಂಗಿ ಅಲ್ಲಿಯೇ ಇರುತ್ತಾಳೆ. ಹಬ್ಬಗಳಲ್ಲಿ ಮನೆಗೆ ಬರುತ್ತಾಳೆ. ಆ ಮನೆಯಲ್ಲಿ ಹೊರಡುವವರೆಲ್ಲ, ಹಾಲಿನವನನ್ನೂ ಸೇರಿಸಿ, ಹೋಗ್ತೇನಿ ಎಂದೇ ಹೇಳುತ್ತಾರೆ. ಹೊಸದಾಗಿ ಬಂದವರು ಬೆಚ್ಚುತ್ತಾರೆ. ಅಕ್ಕ ಅವರಿಗೆ ತಿಳಿಸಿಕೊಡುತ್ತಾಳೆ. ಯಾವ ದಿನ ಬರುವೆನೆಂದು ಹೇಳದೆ ನಾನು ಅಲ್ಲಿಗೆ ಹೋಗುತ್ತೇನೆ. ಗೇಟಿನ ಸದ್ದಿಗೆ ತಂಗಿ ಹೊರಗೆ ಬಂದು, ಕಣ್ಣು ಅಗಲಿಸಿ, "ಹೋಗ್ತೇನಿ ಅಂದಿದ್ದಿ, ಬಂದಿ!" ಎನ್ನುತ್ತಾಳೆ. ಪ್ರತಿ ಸಲವೂ ಅದೇ ಬೆರಗು. ಹಿತ್ತಲಿನ ಪತ್ರಿಯನ್ನು ಒಯ್ದಿರುತ್ತೇನೆ. ಇಬ್ಬರೂ ಕಟ್ಟೆಯ ಮೇಲೆ ಕೂತು ಆರಿಸುತ್ತೇವೆ. ಒಂದು ದಿನ ನಾನು ಬರಲಾರೆ. ಅಂದು ಅವಳು ಉಣ್ಣುವಳು ಎಂಬ ಭರವಸೆ ನನಗಿದೆ.

ನಮ್ಮೊಡನೆ ಆ ಪಡಸಾಲೆಯಲ್ಲಿ ಕೂತು ಹೇಳಲಾಗದ ಮಾತನ್ನು ಹೇಳಲು ಕಲಿತ ತಂದೆತಾಯಂದಿರಿಗೆ ಆಯುಷ್ಯವೂ ನೆಮ್ಮದಿಯೂ ಇರಲಿ. ನೇರವಾಗಿ ಕೇಳಿದ ಆ ಹೆಣ್ಣುಮಗಳ ನಾಲಗೆಯ ಮೇಲೆ ಸದಾ ಸತ್ಯ ನಿಲ್ಲಲಿ. ಚಟ್ನಿ ಅರೆಯುವ ಅಕ್ಕನ ಕೈಗೆ ನೋವು ಬಾರದಿರಲಿ. ನನ್ನ ಬಾಜೂಕ ನಿಂತ ಜೋಡಿಮನೆಯವರನ್ನೂ ನಗುವ ಅವರ ಮಗನನ್ನೂ ಅವರು ನಂಬಿದ ದೇವರು ಕಾಯಲಿ. ಅವನು ನಾನು ನಂಬಿದವನಿಂದ ಬೇರೆಯವನಲ್ಲ. ಅಂಜಿಕೆಯನ್ನು ನುಂಗಿ ಆ ಶಬ್ದವನ್ನಾಡಿದ ನನ್ನ ಹೆಂಡತಿಯ ಹಣೆಯ ಕುಂಕುಮ ಶಿವನ ಇಚ್ಛೆ ಇರುವವರೆಗೆ ಬೆಳಗಲಿ. ಒಂದು ಮಾತಿಗಾಗಿ ಅಷ್ಟು ವರ್ಷ ಚಿಲಕ ತೆರೆದಿಟ್ಟವಳ ಮನೆಗೆ, ಹೇಳಿಯೋ ಹೇಳದೆಯೋ, ಬರುವವರು ಎಂದೂ ಕಡಿಮೆಯಾಗದಿರಲಿ. ಎಲ್ಲರಿಗೂ ಶರಣು.